ಹಂಪಣ್ಣನ ಉನ್ನತ ತಬಲಾ ವ್ಯಾಸಂಗ

ಏನೂ ಬಾರದವರಿಗಾಗಿ ಅಚ್ಚಾದ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿದರೆ ಶಹಾಪುರದ ಬೆಟ್ಟಕ್ಕಿಂತ ನಾಲ್ಕು ಮೊಳ ಎತ್ತರವಾದೀತು. ಎಲ್ಲ ಬಲ್ಲವರಿಗಾಗಿ ಅಚ್ಚಾದವನ್ನು ಪೇರಿಸಿದರೆ ಅದರ ಮೇಲೆ ಇರುವೆ ಹತ್ತಿ ನಿಂತರೂ ಆಚೆ ಓಣಿ ಕಾಣದು. ಇದು ಹಂಪಣ್ಣ ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಜೊತೆ ಚಪ್ಪಲಿ ಸವೆಸಿ ಕಂಡುಕೊಂಡ ಸತ್ಯ.

ಹಂಪಣ್ಣನಿಗೆ ಶಹಾಪುರದ ಹಳೇ ಬಸ್ ನಿಲ್ದಾಣದ ಹಿಂದೆ ಬಟ್ಟೆ ಅಂಗಡಿ ಇತ್ತು. ಅಂಗಡಿ ಹೊಟ್ಟೆಗಾಯಿತು, ಇಜ್ಜತ್ತೆಲ್ಲ ಇದ್ದದ್ದು ತಬಲಾದ ಮೇಲೆ. ಓಣಿಯ ಮಠದಲ್ಲಿ ಪ್ರತಿ ಸೋಮವಾರ ಬೆಳಗ್ಗೆ ಎಂಟಕ್ಕೆ ಭಜನೆ. ಹನ್ನೊಂದು ಪದ ಹಾಡಲೇಬೇಕು. ಹನ್ನೊಂದನೆಯದು ಮಂಗಳ, ಅದು ಮುಗಿಯುವತನಕ ಪ್ರಸಾದದ ಹುಗ್ಗಿಗೆ ಸೌಟು ಹಾಕುವಂತಿಲ್ಲ. ಅಜ್ಜ-ಮುತ್ತಜ್ಜರ ಕಟ್ಟಳೆ. ಆ ಭಜನೆಯಲ್ಲಿ ತಬಲಾದ ಮುಂದೆ ಹಾಸುವ ಕಂಬಳಿ ತುಂಡು ಮೂವತ್ತೊಂದು ವರ್ಷದಿಂದ ಹಂಪಣ್ಣನದು. ಈ ನಡುವೆ ಯಾದಗಿರಿ ತಾಲೂಕು ಹೋಗಿ ಜಿಲ್ಲೆಯಾಯಿತು, ಹಂಪಣ್ಣನ ತಲೆಯ ಕೂದಲು ವಲಸೆ ಹೋದವು. ಕಂಬಳಿ ಮಾತ್ರ ಕದಲಲಿಲ್ಲ.

ಒಂದೇ ಒಂದು ಸೋಮವಾರ, ಸೈದಾಪುರದಲ್ಲಿ ನೆಂಟರ ಮದುವೆಯಿತ್ತೆಂದು ಹಂಪಣ್ಣ ಮಠಕ್ಕೆ ಹೋಗಲಿಲ್ಲ. ಮರುದಿನ ಭಜನೆಯಲ್ಲಿ ತಾಳ ಬಾರಿಸುವ ಬಾಲಪ್ಪ ಟವೆಲ್ ಕೊಳ್ಳಲು ಅಂಗಡಿಗೆ ಬಂದ.

"ನಿನ್ನಿ ತಬಲಾಕ್ಕ ಯಾರ ಕುಂತಿದ್ರೋ ಬಾಲಪ್ಪ?"

"ಬಸವಲಿಂಗ ಅಂತ್ರಿ ಅಣ್ಣಾ. ಬ್ಯಾಂಕಿಗೆ ಹೊಸದಾಗಿ ಬಂದಾನ. ತಬಲಾದಾಗ ಸೀನಿಯರ್ ಪರೀಕ್ಷಾ ಪಾಸ್ ಆಗ್ಯಾನಂತ."

"ಹ್ಯಾಂಗ ಬಾರಿಸಿದ?"

ಬಾಲಪ್ಪ ಇನ್ನೂ ಕೊಂಡಿರದ ಟವೆಲ್ಲಿನಿಂದ ಮುಖ ಒರೆಸಿಕೊಂಡು ಮಾಡಿನ ಕಡೆ ನೋಡಿದ. "ಏನ್ ಹೇಳ್ಲಿ ಅಣ್ಣಾ. ಅಗದೀ ಪುಸ್ತಕದಾಗ ಇದ್ದಂಗ ಬಾರಿಸಿದ. ಮಂದಿ ಕುಂತಲ್ಲೇ ಕುಂತ್ರು, ಒಬ್ಬಾವನೂ ಏಳ್ಲಿಲ್ಲ."

ಹಂಪಣ್ಣನ ಎದೆಯಲ್ಲಿ ತಬಲಾ ಜೋಡಿಯ ಡಗ್ಗಾ ಒಡೆದಂತಾಯಿತು. ಮೂವತ್ತೊಂದು ವರ್ಷದಲ್ಲಿ ತನ್ನ ತಬಲಾ ಕೇಳಿ ಜನ ಕುಂತಲ್ಲೇ ಕುಂತ ನೆನಪಿಲ್ಲ. ಮಂಗಳ ಮುಗಿಯುವುದೇ ತಡ, ಎಲ್ಲರೂ ಹುಗ್ಗಿಯ ಕಡೆ ನುಗ್ಗುತ್ತಿದ್ದರು. ಕಂಬಳಿ ಕೈಬಿಟ್ಟಿತೆಂದೇ ಲೆಕ್ಕ. ಆ ಹುಡುಗ ಸೀನಿಯರ್‌ವರೆಗೆ ಓದಿದ್ದರೆ ತಾನು ಅದರಾಚೆಯದನ್ನು ಓದಿ ತೋರಿಸಬೇಕು ಎಂದು ಅಂದೇ ಊಟದ ಹೊತ್ತಿಗೆ ಶಪಥ ಮಾಡಿದ.

ಅವನ ಹೆಂಡತಿ ಭೀಮಾಬಾಯಿ ರೊಟ್ಟಿ ಹಾಕುತ್ತ ಕೇಳಿದಳು: "ನಿಮಗ ಎಲ್ಲಾ ಬರ್ತದಂದ್ರ ಪುಸ್ತಕ ಯಾಕ್ರಿ? ಪುಸ್ತಕ ಬೇಕಂದ್ರ ಎಲ್ಲಾ ಬರ್ತದಂತ ಯಾಕ ಹೇಳ್ಕೋತ ಅಡ್ಡಾಡ್ತೀರಿ?"

"ನಿನಗ ತಿಳಿಯಂಗಿಲ್ಲ. ಇದು ಉನ್ನತ ವ್ಯಾಸಂಗ."

"ಹೌದ್ರಿ. ಏಳನೇತ್ತಕ್ಕ ಸಾಲಿ ಬಿಟ್ಟಾಗಿಂದ ಇದೊಂದ ಬಾಕಿ ಇತ್ತು."

ಹಂಪಣ್ಣ ಬಸ್ ಹತ್ತಿ, ಭೀಮಾ ಸೇತುವೆ ದಾಟಿ ಯಾದಗಿರಿಗೆ ಹೋದ. ಸ್ಟೇಷನ್ ರಸ್ತೆಯ ಪುಸ್ತಕದಂಗಡಿಯವನು ತಬಲಾ ಎಂಬ ಶಬ್ದ ಕಿವಿಗೆ ಬೀಳುತ್ತಲೇ, "ಹೊಸದಾಗಿ ಕಲಿಯೋರಿಗೇನ್ರಿ?" ಎಂದ.

"ನನ್ನ ಮಾರಿ ನೋಡಿದ್ರ ಹೊಸದಾಗಿ ಕಲಿಯೋನಂಗ ಕಾಣಸ್ತದೇನು?"

ಅಂಗಡಿಯವನು ನೋಡಿದ. (ಪ್ರಾಮಾಣಿಕ ಮನುಷ್ಯ.) ಮೂರು ಪುಸ್ತಕ ತೆಗೆದು ಹಾಕಿದ. ಮೊದಲನೆಯದರ ಮೊದಲ ವಾಕ್ಯ: 'ತಬಲಾ ಒಂದು ವಾದ್ಯ.' ಎರಡನೆಯದು ಹೇಳಿತು: 'ತಬಲಾವನ್ನು ಉರುಳದಂತೆ ಇಡಬೇಕು.' ಮೂರನೆಯದರ ಕರ್ತೃ ಇನ್ನೂ ಆಳಕ್ಕಿಳಿದಿದ್ದ: 'ಬಾರಿಸುವ ಮುನ್ನ ಕೈ ತೊಳೆಯಬೇಕು.' ಮೂವತ್ತೊಂದು ವರ್ಷ ಬಾರಿಸಿದವನ ಕೈ ತೊಳೆಸಲು ಹೊರಟ ಆ ಮಹಾಶಯನನ್ನು ಹಂಪಣ್ಣ ಮನಸ್ಸಿನಲ್ಲೇ ಭೀಮಾ ನದಿಗೆ ತಳ್ಳಿದ.

ಮೊಬೈಲಿನಲ್ಲಿ ಹುಡುಕಿದರೆ 'ಅನುಭವಿಗಳಿಗೆ ಮಾತ್ರ' ಎಂಬ ವಿಡಿಯೊ ಸಿಕ್ಕಿತು. ಅದರಲ್ಲೊಬ್ಬ ಬಣ್ಣದ ಕುರ್ತಾದ ತರುಣ ಹನ್ನೆರಡು ನಿಮಿಷ 'ಚಾನೆಲ್ಲಿನ ಗಂಟೆ ಒತ್ತಿ, ಗಂಟೆ ಒತ್ತಿ' ಎಂದು ಅಂಗಲಾಚಿ, ಹದಿಮೂರನೆಯ ನಿಮಿಷದಲ್ಲಿ ಒಂದು ಸಲ 'ಧಾ' ಎಂದು ಬಡಿದು ಮುಂದಿನ ವಾರ ಬರುವೆನೆಂದು ಮಾಯವಾದ. ಒಟ್ಟಿನಲ್ಲಿ ಪುಸ್ತಕ ಬರೆಯುವವರೆಲ್ಲ ಕಲಿಯುವವರನ್ನು ಹೊಸ್ತಿಲವರೆಗೆ ಕೈಹಿಡಿದು ತಂದು ಬಾಗಿಲು ಹಾಕಿಕೊಂಡು ಹೋಗುವವರೇ. ಕಲಿತ ಮೇಲೆ ಮನುಷ್ಯ ಸಾಯುತ್ತಾನೆಂದು ತಿಳಿದಿದ್ದಾರೋ ಏನೋ!

ಕೊನೆಗೆ ಯಾರೋ ಸುರಪುರದ ರೇವಣಸಿದ್ದ ಮಾಸ್ತರರ ಹೆಸರು ಹೇಳಿದರು. ನಿವೃತ್ತ ಸಂಗೀತ ಮಾಸ್ತರು, ಎಂಬತ್ತರ ಮೇಲೆ ವಯಸ್ಸು. ಹಂಪಣ್ಣ ಹೋಗಿ ಅಡ್ಡಬಿದ್ದು, ಮಾಸ್ತರರದೇ ತಬಲಾದ ಮೇಲೆ ತನ್ನ ಮೂವತ್ತೊಂದು ವರ್ಷವನ್ನೂ ಹತ್ತು ನಿಮಿಷದಲ್ಲಿ ಸುರುವಿದ. ಮಾಸ್ತರು ಕಣ್ಣು ಮುಚ್ಚಿ ಕೇಳಿದರು.

"ಹಂಪಣ್ಣ, ನಡಕೋತ ಹೊಂಟಾವ ಓಡಿಕೋತ ಮುಟ್ಟಿದೆಲ್ಲೋ. ಬೆನ್ನ ಹಿಂದ ನಾಯಿ ಬಿದ್ದಿತ್ತೇನು?"

ಎಂದವರೇ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ 'ಧಾ ಗೆ ನಾ ತಿ, ನಾ ಕ ಧಿ ನಾ' ಎಂದು ಎಂಟು ಮಾತ್ರೆಯ ತಾಳವನ್ನು ಬರೆದುಕೊಟ್ಟರು. ಹಂಪಣ್ಣ ಹಾಳೆಯನ್ನು ತಿರುಗಿಸಿ ನೋಡಿದ. ಹಿಂದೆ ಆಷಾಢ ಮಾಸ ಬಿಟ್ಟರೆ ಬೇರೇನೂ ಇರಲಿಲ್ಲ.

"ಮಾಸ್ತರ, ಇದು ಸಣ್ಣ ಹುಡುಗರ ಮೊದಲನೇ ಪಾಠ ಅಲ್ರಿ?"

"ಹೌದು. ಅವ್ರಿಗೆ ಒಂದ ದಿನದ್ದು. ನಿನ್ನಂಥ ಅನುಭವಸ್ಥಗ ಎರಡ ತಿಂಗಳದ್ದು. ಫೋನಿನಾಗ ಟಕ್ ಟಕ್ ಅನ್ನೋದು ಹಾಕ್ಕೊ. ದಿನಾ ಅರ್ಧ ತಾಸು, ಒಂದ ನಡಿಗಿ. ಟಕ್ ಬಿಟ್ಟು ಮುಂದ ಹೋದ್ಯೋ, ಮತ್ತ ಮೊದಲಿಂದ."

ಅದೇ ವೇಳೆಗೆ ಮಠದ ಮಾಳಿಗೆ ಸೋರುತ್ತದೆಂದು ದುರಸ್ತಿಗೆ ಹಿಡಿದು ಭಜನೆಗೆ ಎರಡು ತಿಂಗಳು ಬಿಡುವು ಕೊಟ್ಟರು. (ದೇವರು ಹಂಪಣ್ಣನ ಮೇಲೆ ಇಷ್ಟು ಕರುಣೆ ತೋರದಿದ್ದರೆ ಒಳ್ಳೆಯದಿತ್ತು.) ಮನೆಯಲ್ಲಿ ಘೋರ ತಪಸ್ಸು ಆರಂಭವಾಯಿತು. ಮೊದಲ ದಿನ ಒಂದು ನಿಮಿಷಕ್ಕೇ ಹಂಪಣ್ಣ ಟಕ್ ಟಕ್ಕನ್ನು ಅರ್ಧ ಹರದಾರಿ ಹಿಂದೆ ಬಿಟ್ಟಿದ್ದ.

"ಈ ಫೋನು ನಿಧಾನ ನಡೀತದ. ಚಾರ್ಜ್ ಕಮ್ಮಿ ಅದ."

ಚಾರ್ಜ್ ತುಂಬಿಸಿದರೂ ಫೋನು ಹಟ ಬಿಡಲಿಲ್ಲ. ಭೀಮಾಬಾಯಿಯ ಫೋನಿನಲ್ಲಿ ಹಾಕಿದ. ಅದೂ ನಿಧಾನ.

"ಎರಡೂ ಮಾತಾಡ್ಕೊಂಡಾವ!" ಎಂದ ಹಂಪಣ್ಣ.

"ಗೋಡಿ ಮ್ಯಾಲಿನ ಗಡಿಯಾರ ಇಳಿಸ್ಲೇನ್ರಿ? ಅದೂ ಅವರ ಪಾರ್ಟಿನೇ ಇರಬೇಕು," ಎಂದಳು ಭೀಮಾಬಾಯಿ.

ಆದರೂ ಮನುಷ್ಯ ಬಿಡಲಿಲ್ಲ. ಬೆರಳು ಬಾತವು, ಬೆನ್ನು ಬಿಲ್ಲಾಯಿತು. ಊಟಕ್ಕೆ ಕೂತರೆ ತುತ್ತಿಗೆ ಎಂಟು ಸಲ ಅಗಿದ. ಬಟ್ಟೆ ಅಳೆದರೆ ಮೀಟರಿಗೆ ಎಂಟು ಸಲ ತಲೆಯಾಡಿಸಿದ. ಸೀನು ಬಂದರೂ ಟಕ್ ಬೀಳುವತನಕ ತಡೆಹಿಡಿದ. ಅರವತ್ತನೆಯ ದಿನ ಅರ್ಧ ತಾಸು ಪೂರಾ ಬಾರಿಸಿದರೂ ಕೈ ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ. ಹಂಪಣ್ಣನ ಕಣ್ಣಲ್ಲಿ ನೀರು ಬಂತು. ಭೀಮಾಬಾಯಿಯ ಕಣ್ಣಲ್ಲೂ ಬಂತು, ಅವಳದು ನಿದ್ದೆಗೆಟ್ಟು.

ಮಾಳಿಗೆ ದುರಸ್ತಿಯಾಗಿ ಭಜನೆ ಶುರುವಾದ ಸೋಮವಾರ ಹಂಪಣ್ಣ ಇಸ್ತ್ರಿ ಅಂಗಿ ತೊಟ್ಟು ಕಂಬಳಿಯ ಮೇಲೆ ಕೂತ. ಹಾರ್ಮೋನಿಯಂ ಪೇಟಿ ಹಿಡಿದು ಹಾಡುವ ವಿಶ್ವರಾಧ್ಯ ಮೊದಲ ಪದ ಎತ್ತಿದ. ಎಂದಿನಂತೆ ನಿಧಾನ ಎತ್ತಿ, ಮೂರನೆಯ ಸಾಲಿಗೆ ಹಂಪಣ್ಣ ತನ್ನನ್ನು ಎಳೆದುಕೊಂಡು ಓಡುವನೆಂದು ಕಾದ. ಹಂಪಣ್ಣ ಓಡಲಿಲ್ಲ. ವಿಶ್ವರಾಧ್ಯ ಕಣ್ಸನ್ನೆ ಮಾಡಿದ. ಹಂಪಣ್ಣ ಕಣ್ಣು ಮುಚ್ಚಿ ಸಮಾಧಿಯಲ್ಲಿದ್ದ. ಮೂವತ್ತೊಂದು ವರ್ಷದಲ್ಲಿ ಸಾಲಿನ ಕೊನೆಯ ಸ್ವರ ಹಿಡಿದು ನಿಲ್ಲಬೇಕಾದ ಪ್ರಸಂಗವೇ ಬಂದಿರದ ವಿಶ್ವರಾಧ್ಯನ ಉಸಿರು ಎರಡನೆಯ ಪದಕ್ಕೇ ತೀರಿತು. ಬಾಲಪ್ಪನ ತಾಳ ಹತ್ತು ಹೆಜ್ಜೆ ಮುಂದೆ ಓಡಿ, ಹಿಂಡು ತಪ್ಪಿದ ಮೇಕೆಯಂತೆ ತಿರುಗಿ ತಿರುಗಿ ಬಂತು. ಪ್ರಸಾದದ ಹೊತ್ತಾದ ಒಂಬತ್ತೂವರೆಗೆ ಇನ್ನೂ ನಾಲ್ಕನೆಯ ಪದ. ಯಾದಗಿರಿಯ ಕಚೇರಿಗಳಿಗೆ ಹೋಗುವವರ ಬಸ್ಸು ಅವರನ್ನು ಬಿಟ್ಟೇ ಹೋಯಿತು. ಹನ್ನೊಂದಕ್ಕೆ ಹುಗ್ಗಿ ಎಷ್ಟು ಗಟ್ಟಿಯಾಯಿತೆಂದರೆ ಸೌಟು ಧ್ವಜಸ್ತಂಭದಂತೆ ನೆಟ್ಟಗೆ ನಿಂತಿತು. ಹನ್ನೆರಡೂ ಹತ್ತಕ್ಕೆ ಮಂಗಳ.

ಹಂಪಣ್ಣ ಕಣ್ತೆರೆದ. ಜನ ಕುಂತಲ್ಲೇ ಕುಂತಿದ್ದರು. ಏಳಲು ತ್ರಾಣವಿರಲಿಲ್ಲ. ಹೊಗಳಿಕೆ ಸ್ವೀಕರಿಸಲು ಅವನು ಮುಖವನ್ನು ಸ್ವಲ್ಪ ಬಾಗಿಸಿದ.

"ಆರಾಮ ಇಲ್ಲೇನ್ರಿ ಹಂಪಣ್ಣ?" ಎಂದ ವಿಶ್ವರಾಧ್ಯ, ತಂಬಿಗೆ ನೀರನ್ನು ಪೂರಾ ಕುಡಿದು.

"ಇದು ಶುದ್ಧ ಲಯ, ವಿಶ್ವರಾಧ್ಯ."

"ಶುದ್ಧ ಬೇಕಾಗಿದ್ರ ಆ ಬಸವಲಿಂಗಗ ಕೈಮುಗಿದು ಯಾಕ ಕಳಸ್ತಿದ್ವಿ? ಅಂವ ಬಾರಿಸಿದ ದಿನಾನೂ ಹಿಂಗೇ ಹೊಟ್ಟಿ ಹಪಹಪಿ. ಮಂದಿ ಎದ್ದು ಹೋಗಂಗಿಲ್ಲ, ಕೂಡಂಗಿಲ್ಲ. ನಮ್ಮ ಹಂಪಣ್ಣನ ಓಟ ಇದ್ರ ಒಂಬತ್ತೂವರಿಗೆ ಬಾಯಾಗ ಹುಗ್ಗಿ ಅಂತ ಇಷ್ಟ ಮಂದಿ ಬರ್ತಿದ್ರು. ಇಡೀ ಭಜನಿ ನಿಂತದ್ದ ನಿಮ್ಮ ಓಟದ ಮ್ಯಾಲ, ಮಾರಾಯ್ರ!"

"ನನ್ನ... ಓಟ?"

"ನಿಮಗೊಬ್ಬರಿಗೇ ಗೊತ್ತಿಲ್ಲೇನ್ರಿ ಹಂಗಾರ?"

ಮುಂದಿನ ಸೋಮವಾರದೊಳಗೆ ಓಟ ಮರಳಿ ತಂದರೆ ಕಂಬಳಿ, ಇಲ್ಲದಿದ್ದರೆ ಇಲ್ಲ ಎಂದು ಭಜನಾ ಮಂಡಳಿ ತೀರ್ಪಿತ್ತಿತು. ಹಂಪಣ್ಣ ಮನೆಗೆ ಬಂದು ಓಡಲು ಯತ್ನಿಸಿದ. ಕೈ ಓಡಲಿಲ್ಲ. ಬೈದ, ಕೊಡವಿದ, ಬಿಸಿ ನೀರಿನಲ್ಲಿ ಅದ್ದಿದ. ಮನಸ್ಸು ವಡಗೇರಾ ಮುಟ್ಟಿದರೂ ಕೈ ಶಹಾಪುರ ಬಿಡಲೊಲ್ಲದು. ಪ್ರತಿ ಮಾತ್ರೆಗೂ ನಿಂತು, ಅತ್ತಿತ್ತ ನೋಡಿ, ಆಮೇಲೆ ಮುಂದಕ್ಕೆ ಹೆಜ್ಜೆಯಿಡುತ್ತಿತ್ತು.

ಗುರುವಾರ ಬಾಗಿಲಿಗೆ ಒಬ್ಬ ತೆಳ್ಳನೆಯ ತರುಣ ಬಂದು ಹಂಪಣ್ಣನ ಕಾಲು ಮುಟ್ಟಿದ. ಕೈಯಲ್ಲಿ ನೋಟುಬುಕ್ಕು.

"ಕಾಕಾ, ನಾ ಬಸವಲಿಂಗ ರೀ. ನಿಮ್ಮ ಕೈ ಓಡಲಿಲ್ಲಂದ್ರ ಸೋಮವಾರ ನಾ ಕೂಡಬೇಕಂತ. ಆದ್ರ ನಿಮ್ಮ ಓಟ ಕಲ್ತು ಬಾ ಅಂದಾರ ಮಂಡಳಿಯವ್ರು. ಯಾದಗಿರಿ, ಕಲಬುರಗಿ ಎಲ್ಲಾ ಹುಡುಕಿದೆ ಕಾಕಾ, ಅದು ಯಾವ ಪುಸ್ತಕದಾಗೂ ಇಲ್ಲ. ನೀವೇ ಕಲಿಸ್ಬೇಕು."

ಹಂಪಣ್ಣ ಎದೆಯುಬ್ಬಿಸಿ ತಬಲಾದ ಮುಂದೆ ಕೂತ. ಧಾ ಗೆ ನಾ ತಿ, ನಾ ಕ ಧಿ ನಾ. ಬಸವಲಿಂಗ ಹತ್ತು ನಿಮಿಷ ಕಾದ. ಓಟ ಬರಲಿಲ್ಲ.

"ಇದು ನನಗ ಬರ್ತದ್ರಿ ಕಾಕಾ," ಎಂದ ಮೆಲ್ಲಗೆ.

ಒಳಗಿನಿಂದ ಭೀಮಾಬಾಯಿ ಖಾಲಿ ಹಿಟ್ಟಿನ ಡಬ್ಬಿ ಎತ್ತಿಕೊಂಡು ಬಂದಳು.

"ಸರೀರಿ ಆಕಡಿ. ಮೂವತ್ತೊಂದ ವರ್ಷ ಈ ಕಿವಿಲೇ ಕೇಳೀನಿ. ಎಲ್ಲಿ ಜಾರ್ತದ, ಎಲ್ಲಿ ಜಿಗೀತದ, ಎಲ್ಲಾ ಬಾಯಿಪಾಠ ಅದ. ಕೂಡು ತಮ್ಮಾ, ಬರ್ಕೊ."

ಡಬ್ಬಿಯ ಮೇಲೆ ಅವಳ ಬೆರಳು ಬಿದ್ದವು. ಮೊದಲೆರಡು ಸಾಲು ನಡಿಗೆ, ಮೂರನೆಯದಕ್ಕೆ ದಾಪುಗಾಲು, ನಾಲ್ಕಕ್ಕೆ ಹುಗ್ಗಿಯ ವಾಸನೆ ಹಿಡಿದ ಮಂದಿಯ ನಾಗಾಲೋಟ! ಬಸವಲಿಂಗನ ಪೆನ್ನು ಹಿಂದೆ ಬೀಳತೊಡಗಿತು. ಆದರೆ ಅರವತ್ತು ದಿನದ ತಪಸ್ಸು ಹಂಪಣ್ಣನನ್ನು ಸುಮ್ಮನೆ ಕೂಡಗೊಡಲಿಲ್ಲ.

"ಏಯ್, ಏಯ್! ಅಲ್ಲೊಂದು ಮಾತ್ರೆ ನುಂಗಿದಿ! ತಪ್ಪು!"

ಭೀಮಾಬಾಯಿಯ ಕೈ ನಿಲ್ಲಲಿಲ್ಲ. "ಗೊತ್ತದ್ರಿ. ಅಲ್ಲೇ ನುಂಗ್ತಿದ್ರಿ ನೀವು."

ಬಸವಲಿಂಗ ಅದನ್ನು ಬರೆದುಕೊಂಡು, ಮರೆಯಬಾರದೆಂದು ಕೆಳಗೆ ಎರಡು ಗೆರೆ ಎಳೆದ.