ನಿಲ್ಲದ ಸೈಕಲ್ಲಿಗೆ ಹೊಸ ಲಿವರ್

೧

“ಅಣ್ಣಾ, ಸೈಕಲ್ ಅಂಗಡಿ ಯಾವ ಕಡೆ?”

ನಿಟ್ಟುವಳ್ಳಿಯ ಇಳಿಜಾರಿನಲ್ಲಿ ದಾರಿ ತಪ್ಪಿ, ಎಳನೀರು ಮಾರುವವನನ್ನು ಸೈಕಲ್ ಮೇಲಿಂದಲೇ ಕೇಳಿದೆ. ಆತ ಕೈ ಎತ್ತುವಷ್ಟರಲ್ಲಿ ಅವನನ್ನು ದಾಟಿ ಹೋಗಿದ್ದೆ. ಎಷ್ಟೋ ದೇಶ ಸುತ್ತಿದ್ದೇನೆ. ಇಂಥ ಫಜೀತಿಗಳು ಮಾತ್ರ ಊರಿಗೆ ಬಂದಾಗಲೇ ಆಗುತ್ತವೆ.

ಸೈಕಲ್ ಹರಿಹರದ ಚಿಕ್ಕಮ್ಮನದು. ಬ್ರೇಕ್ ಒತ್ತಿದರೆ ಲಿವರ್ ಬಾಗುತ್ತಿತ್ತೇ ಹೊರತು ಗಾಲಿ ನಿಲ್ಲುತ್ತಿರಲಿಲ್ಲ. “ಭಾನುವಾರದೊಳಗೆ ನಿಂತ್ರೆ ನಿಂದು. ಇಲ್ಲಾಂದ್ರ ಗುಜರಿಗೆ” ಅಂದಿದ್ದಳು. ನನಗೋ ಅದರ ಮೇಲೆ ಪ್ರಾಣ.

ಹಿಂದಿನಿಂದ ಎಳನೀರಿನವನು ಕೂಗಿದ: “ಅಕ್ಕಾ, ನಿಂತ್ಕಂಡು ಕೇಳ್ರಿ!”

ನಾನೂ ಕೂಗಿದೆ: “ನಿಲ್ಲಾಕಂತಾನೇ ಅಂಗಡಿ ಹುಡುಕ್ತಿರೋದು!”

೨

ಅಂಗಡಿ ಸಾಹೇಬರು ಒಂದು ಜೊತೆ ಲಿವರ್ ತೆಗೆದಿಟ್ಟರು. ಫಳಫಳ ಹೊಳೆಯುವ ತೆಳು ತಗಡು. ಒತ್ತಿದೆ, ಅದೂ ಬಾಗಿತು.

“ಇದು ಬ್ಯಾಡ್ರಿ ಸಾಹೇಬ್ರೆ, ಹಳೇದರ ತಂಗಿ ಇದ್ದಂಗೈತೆ.”

ಎರಡನೆಯದು ದಪ್ಪ, ಉದ್ದ. ಬಗ್ಗಲಿಲ್ಲ. ಆದರೆ ಹಿಡಿಯಿಂದ ಗೇಣು ದೂರ.

“ಗಟ್ಟಿ ಮಾಲು ಅಕ್ಕಾ, ಆನೆ ನಿಲ್ಲಿಸ್ತೈತೆ.”

“ಆನೆ ನಿಲ್ಲುತ್ತೆ, ಖರೆ. ನನ್ನ ಬೆರಳು ಅದಕ್ಕೆ ಮುಟ್ಟೋ ಹೊತ್ತಿಗೆ ನಾನು ಮುಂದಿನ ಊರು ಬಾತಿನೂ ದಾಟಿರ್ತೀನಿ.”

ಕೊನೆಗೆ ಗಟ್ಟಿಯಾಗಿಯೂ ಇದ್ದು ಬೆರಳಿಗೂ ಸಿಗುವ ಒಂದು ಜೊತೆ ನಾನೇ ಆರಿಸಿದೆ. ಸಾಹೇಬರು ಕಸಿವಿಸಿಯಿಂದ, “ಅದು ಮಕ್ಕಳ ಸೈಕಲ್‌ದು” ಅಂದರು.

“ಹಾಕ್ರಿ. ವಯಸ್ಸು ಕೇಳಾಕ ಅದಕ್ಕೆ ಬಾಯಿಲ್ಲ.”

೩

ಭಾನುವಾರ ಹರಿಹರದಲ್ಲಿ ಚಿಕ್ಕಮ್ಮ ಲಿವರಿಗೆ ವಿಭೂತಿ ಬಳಿದು, ಗಾಲಿಯಡಿ ಇಡಬೇಕಾದ ನಿಂಬೆಹಣ್ಣನ್ನು ನಾಲ್ಕು ಮಾರು ಮುಂದಿಟ್ಟಳು. “ಜೋರಾಗಿ ಬಂದು ಹತ್ತಿಸು” ಎಂದು ತಾನೇ ಹಿಂದೆ ಏರಿ ಕೂತಳು. ಚಿಕ್ಕಂದಿನಲ್ಲಿ ಇದೇ ಸೈಕಲ್ ಮೇಲೆ ನನ್ನನ್ನು ಊರೆಲ್ಲ ಸುತ್ತಿಸಿದವಳು ಅವಳು. ಆ ಸವಾರಿ ತಿರುಗಿ ಕೊಡುವುದು ಬಾಕಿಯಿತ್ತು.

ತುಳಿದೆ. ಗಾಲಿ ಮುಂದೆ ಹಳದಿಯದೇನೋ ಕಂಡದ್ದೇ ಬೆರಳು ತಾನಾಗಿ ಒತ್ತಿತು. ಸೈಕಲ್ ನಿಂಬೆಹಣ್ಣಿಗೆ ಮೂಗು ತಾಗಿಸಿ ನಿಂತಿತು. ಚಿಕ್ಕಮ್ಮ ನನ್ನ ಬೆನ್ನಿಗೆ ಬಂದು ಬಡಿದಳು. ಮತ್ತೆ ಹಿಂದೆ ಸರಿದು ಬಂದೆ. ಮತ್ತೂ ಅಲ್ಲೇ ನಿಂತಿತು. ನೆರೆಯವರೆಲ್ಲ ಹೊರಗೆ ಬಂದರು.

“ಲೇ, ನಿಲ್ಲಾದು ಕಲೀತು, ಸರಿ. ಹೋಗಾದು ಯಾವಾಗ ಕಲಿಸ್ತಿ?” ಬೆನ್ನ ಹಿಂದಿನಿಂದ ಚಿಕ್ಕಮ್ಮ ಗದರಿದಳು.

ಮೂರನೇ ಸಲ ಕಣ್ಣು ಮುಚ್ಚಿ ಹತ್ತಿಸಿದೆ. ನಿಂಬೆಹಣ್ಣು ಚಟ್ಟೆಂದಿತು. “ನಿಂದೇ ತಗಾ” ಅಂದಳು. ಹಾಗೇ ಹೊಳೆ ಸೇತುವೆವರೆಗೆ ಕೂರಿಸಿಕೊಂಡು ಹೋಗಿ ಹಳೇ ಸಾಲ ತೀರಿಸಿದೆ.

ದಾರಿಯಲ್ಲಿ ಗುರುತಿನವರ ಮನೆ ಬಂದಾಗಲೆಲ್ಲ “ನಿಲ್ಸು, ಇವರಿಗೂ ತೋರ್ಸಾಣ” ಎನ್ನುತ್ತಾ ಚಿಕ್ಕಮ್ಮ ಬಡ್ಡಿಯನ್ನೂ ವಸೂಲಿ ಮಾಡಿದಳು.