ಸೋಮವಾರದ ಮೆಕ್ಯಾನಿಕ್

"ಇನ್ನು ಮುಂದೆ ಈ ಮನೆಯ ಪಿಕಪ್ ಗಾಡಿಗೆ ಪರಪುರುಷನ ಕೈ ಸೋಕಕೂಡದು!" ಎಂದು ಒಂದು ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ನಿಂತು ಘೋಷಿಸಿದೆ. ಹೂಕುಂಡಗಳನ್ನು ಗಾಡಿಗೆ ಏರಿಸುತ್ತಿದ್ದ ಹೆಂಡತಿ ತಲೆಯನ್ನೂ ಎತ್ತಲಿಲ್ಲ.

ಗಾಡಿ ಅವಳದು, ಸಸಿ ಮಾರುವ ವ್ಯಾಪಾರವೂ ಅವಳದೇ. ಗಾಡಿಗೆ ಇಪ್ಪತ್ತೆಂಟು ವರ್ಷ. ಕೆಲವು ವಾರಗಳಿಂದ ಏರು ಬಂದರೆ ಏದುಸಿರು, ಇಳಿಜಾರಿನಲ್ಲಿ ಸೈಲೆನ್ಸರ್‌ನಿಂದ ಢಂ ಢಂ! ಅದರ ಬಗ್ಗೆ ನನ್ನ ತಕರಾರಿರಲಿಲ್ಲ. ತಕರಾರಿದ್ದದ್ದು ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ಕನ ಬಗ್ಗೆ.

"ಶಬ್ದ ಕೇಳಿದ್ರೆ ಸಾಕು, ಎಲ್ಲಿ ತೊಂದರೆ ಅಂತ ಹೇಳಿಬಿಡ್ತಾರೆ. ಎಂಥಾ ಕಿವಿ ರೀ ಅವರದು!" ಎನ್ನುತ್ತಿದ್ದಳು, ಅದೂ ಊಟಕ್ಕೆ ಕೂತಾಗ. ಹದಿನಾರು ವರ್ಷದ ದಾಂಪತ್ಯದಲ್ಲಿ ನನ್ನ ಒಂದೇ ಒಂದು ಅಂಗವನ್ನೂ ಅವಳು ಹೊಗಳಿದ್ದಿಲ್ಲ! ಹೊಟ್ಟೆ ಧಗಧಗ ಉರಿಯಿತು. ಕನ್ನಡಿ ಮುಂದೆ ನಿಂತು ನನ್ನ ಕಿವಿಗಳನ್ನು ಪರೀಕ್ಷಿಸಿಯೂ ನೋಡಿದೆ. ಕೊರತೆಯೇನೂ ಕಾಣಲಿಲ್ಲ.

"ಹೊಸ ಗಿರಾಕಿ, ಮೊದಲನೇ ಆರ್ಡರು. ಹತ್ತು ಗಂಟೆಗೆ ಹೋಟೆಲಿಗೆ ನಲವತ್ತು ಕುಂಡ ತಲುಪಿಸ್ಬೇಕು. ಅವರನ್ನೇ ಕರೀತೀನಿ," ಎಂದಳು.

"ಅರ್ಧ ಗಂಟೆ ಕೊಡು. ಆಮೇಲೆ ಯಾರು ದೊಡ್ಡ ಮೆಕ್ಯಾನಿಕ್ಕು ಅಂತ ನೀನೇ ಹೇಳುವಿಯಂತೆ!"

ಬಾನೆಟ್ ಎತ್ತಿದೆ. ನಾಲ್ಕು ಪ್ಲಗ್, ನಾಲ್ಕು ದಪ್ಪ ವೈರು. ಒಂದೊಂದೇ ಕಿತ್ತು, ಒರೆಸಿ, ಇದ್ದಲ್ಲೇ ಸಿಕ್ಕಿಸುವುದು ಪಾಮರರ ಪದ್ಧತಿ. ನಾನು ನಾಲ್ಕನ್ನೂ ಒಮ್ಮೆಲೇ ಕಿತ್ತು, ಫಳಫಳ ಒರೆಸಿ, ನೋಡಲು ಲಕ್ಷಣವಾಗಿರುವ ಹಾಗೆ ಜೋಡಿಸಿದೆ.

"ಈಗ ಹೊಡಿ ಸ್ಟಾರ್ಟು!"

ಢಮಾರ್! ಎದುರುಮನೆಯ ಮೇಷ್ಟ್ರು ಒಂದೇ ಕೆನ್ನೆ ಕ್ಷೌರವಾದ ಮುಖದಲ್ಲಿ ಬೀದಿಗೆ ಓಡಿಬಂದರು. ಒಣಗಲು ಹಾಕಿದ್ದ ನನ್ನ ಬಿಳಿ ಅಂಗಿ ಕಪ್ಪಾಯಿತು. ಗಾಡಿ ಇನ್ನೆರಡು ಬಾರಿ ಢಂ ಎಂದು ತೆಪ್ಪಗಾಯಿತು.

"ಮೊದಲು ಓಡ್ತಾನಾದ್ರೂ ಇತ್ತಲ್ರೀ..." ಹೆಂಡತಿಯ ಕಣ್ಣು ತುಂಬಿತ್ತು. "ಒಂಬತ್ತೂಕಾಲು. ಹೋಗಿ, ನೀವೇ ಅವರನ್ನ ಕರ್ಕೊಂಡು ಬನ್ನಿ!"

ವೈರಿಯನ್ನು ಖುದ್ದಾಗಿ ಆಹ್ವಾನಿಸಿ ಮನೆಗೆ ಕರೆತಂದೆ. ಅವನು ಒಮ್ಮೆ ಸ್ಟಾರ್ಟ್ ಮಾಡಿಸಿ, ಕಿವಿಗೊಟ್ಟು, ವೈರುಗಳನ್ನು ಅದಲುಬದಲು ಮಾಡಿ ಅವುಗಳ ಸರಿಯಾದ ಜಾಗಕ್ಕೆ ಸಿಕ್ಕಿಸಿದ. ಅವು ಸೇರುವ ಮುಚ್ಚಳವನ್ನು ಬಿಚ್ಚಿ ಬಗ್ಗಿಸಿದ. ತೊಟತೊಟನೆ ನೀರು!

"ಸಾರ್, ನಿನ್ನೆ ಎಂಜಿನ್‌ಗೆ ಪೈಪಲ್ಲಿ ನೀರು ಬಿಟ್ರಾ?"

"ಬಿಡದೇ ಇರ್ತೀನಾ? ಈಚೆಗೆ ಪ್ರತಿ ಭಾನುವಾರ ಗಾಡಿ ತೊಳೆಯೋನು ನಾನೇ!" ಎಂದೆ ಎದೆಯುಬ್ಬಿಸಿ.

"ಅದಕ್ಕೇ ಪ್ರತಿ ಸೋಮವಾರ ಮೇಡಂ ನಮ್ಮಲ್ಲಿಗೆ ಬರ್ತಾರೆ. ಇದರೊಳಗೆ ನೀರು ಹೋದ್ರೆ ಕಿಡಿ ಸರಿಯಾಗಿ ಹತ್ತಲ್ಲ ಸಾರ್. ಎಳೆತ ಕಮ್ಮಿ, ಸೈಲೆನ್ಸರಲ್ಲಿ ಸದ್ದು. ಮೊದಲನೇ ವಾರಾನೇ ಮೇಡಂಗೆ ಹೇಳಿದ್ದೆ."

ಅಂದರೆ ವಾರ ವಾರ ಹೆಂಡತಿಯನ್ನು ಅವನ ಬಾಗಿಲಿಗೆ ಕಳಿಸುತ್ತಿದ್ದವನು ನಾನೇ! ಅದಿರಲಿ, ಗೊತ್ತಿದ್ದೂ ಇವಳು ಬಾಯಿ ಬಿಡಲಿಲ್ಲವಲ್ಲ? ಉರಿಯುತ್ತಿದ್ದ ಹೊಟ್ಟೆಗೆ ತುಪ್ಪ ಸುರಿದಂತಾಯಿತು.

"ನನಗ್ಯಾಕೆ ಹೇಳ್ಲಿಲ್ಲ? ಅವನನ್ನ ನೋಡೋಕೆ ನೆಪ ಬೇಕಿತ್ತಾ?" ಎಂದು ಗುಡುಗಿದೆ.

ಮೆಕ್ಯಾನಿಕ್ ಮುಚ್ಚಳ ಒರೆಸಿ ಹಾಕುತ್ತಿದ್ದಂತೆ ಅವಳು ಗಾಡಿ ಸ್ಟಾರ್ಟ್ ಮಾಡಿದಳು. ಎಂಜಿನ್ ಹದವಾಗಿ ಗುರುಗುಟ್ಟಿತು.

"ಮನೇಲಿ ನೀವು ಮಾಡೋದು ಅದೊಂದೇ ಕೆಲಸ ಕಣ್ರೀ. ಹೇಳಿದ್ರೆ ಅದನ್ನೂ ಬಿಟ್ಟುಬಿಡ್ತೀರಿ ಅಂತ ಸುಮ್ಮನಿದ್ದೆ!"