ಬಿಚ್ಚಬಾರದ ಮುಷ್ಟಿ

ಎಲ್ಲದಕ್ಕೂ ಮೂಲ ಒಂದು ನೊಣ. ಊರಲ್ಲಿ ಅಷ್ಟೊಂದು ಮೂಗುಗಳಿರುವಾಗ ಅದು ಗಡಿಬಿಡಿಯಣ್ಣನ ಮೂಗನ್ನೇ ಹುಡುಕಿಕೊಂಡು ಬರಬೇಕೇ, ಅದೂ ಇವತ್ತು?

ಗೋದಾಮಿಗೆ ಹೊಸ ಕ್ರೇನ್ ಬಂದಿತ್ತು. ಅದಕ್ಕೆ ಹಿಡಿಕೆಯಿಲ್ಲ, ಗುಂಡಿಯಿಲ್ಲ. ಮೇಜಿನ ಮೇಲಿನ ಕ್ಯಾಮೆರಾ ಎದುರಿನ ಕೈ ಎಷ್ಟು ದೂರದಲ್ಲಿದೆ, ಯಾವ ಬೆರಳು ಮಡಚಿದೆ ಎಂದು ಅಳೆಯುತ್ತದೆ. ಮೇಲಿನ ಉಕ್ಕಿನ ಪಂಜ ಹಾಗೇ ಮಾಡುತ್ತದೆ. ಮುಷ್ಟಿ ಕಟ್ಟಿದರೆ ಹಿಡಿಯುತ್ತದೆ, ಬಿಚ್ಚಿದರೆ ಬಿಡುತ್ತದೆ. ಧಣಿಯ ಮಗಳ ಮನೆಗೆ ಹೊರಟ ಆಳೆತ್ತರದ ಕನ್ನಡಿಯನ್ನು ಇವತ್ತು ಲಾರಿಗೆ ಇಳಿಸಿದರೆ ಗಡಿಬಿಡಿಯಣ್ಣನ ನೌಕರಿ ಕಾಯಂ. ಒಡೆದರೆ ಸೀದಾ ಮನೆಗೆ. "ನಿಮ್ಮ ಕೈಗೆ ಸ್ವಲ್ಪ ಬುದ್ಧಿ ಹೇಳ್ರೀ" ಎಂದು ಹೆಂಡತಿ ಬೆಳಿಗ್ಗೆಯೇ ಎಚ್ಚರಿಸಿದ್ದಳು.

ಬಲಗೈ ಮುಷ್ಟಿ ಕಟ್ಟಿ ಕನ್ನಡಿ ಎತ್ತಿದ್ದ. ಆಗ ಬಂತು ನೊಣ. ಎಡಗೈಯಿಂದ ಓಡಿಸಿದ. ಒಮ್ಮೆಲೇ ಎರಡು ಕೈ ಕಂಡ ಯಂತ್ರಕ್ಕೆ ತಲೆಕೆಟ್ಟು, ಪಂಜ ಚಾವಣಿಯವರೆಗೂ ಏರಿ ಅಲ್ಲೇ ನಿಂತುಬಿಟ್ಟಿತು. ಏನು ಮಾಡಿದರೂ ಇಳಿಯಲೊಲ್ಲದು.

ಅಲ್ಲೇ ಕೆಲಸಕ್ಕಿದ್ದ ಅವನ ಭಾವಮೈದ, ಕ್ರೇನ್ ಕೂಡಿಸಿದ ಎಂಜಿನಿಯರಿಗೆ ಫೋನ್ ಮಾಡಿ ಭಾವನ ಕಿವಿಗೆ ಹಿಡಿದ. "ಇಳಿಸೋದು ಕೆಟ್ಟಿದೆ, ಹಿಡಿತ ಸರಿಯಾಗಿದೆ. ನಾನು ಬರೋವರೆಗೂ ಮುಷ್ಟಿ ಬಿಚ್ಚಬೇಡಿ" ಎಂದರು ಅವರು.

ಸುದ್ದಿ ಹಬ್ಬಿ ಇಡೀ ಗೋದಾಮು ಸೇರಿತು. ಉಗ್ರಾಣದ ಅಕ್ಕ "ಬಾಯಿ ತೆಗಿಯಪ್ಪಾ" ಎಂದು ನೀರು ಕುಡಿಸಲು ಹೋಗಿ ಅರ್ಧ ಅಂಗಿಯೊಳಗೆ ಸುರಿದಳು.

"ಭಾವ, ಮುಷ್ಟಿಗೆ ಹಗ್ಗ ಸುತ್ತಿಬಿಡ್ಲಾ?"

"ಹತ್ರ ಬರಬೇಡ ಮಾರಾಯ. ದೂರ ನಿಂತ್ಕೋ, ಅದೇ ದೊಡ್ಡ ಉಪಕಾರ."

ಅಷ್ಟರಲ್ಲಿ ಮ್ಯಾನೇಜರು ನುಗ್ಗಿ ಬಂದರು. ಮೇಜಿನ ಮೇಲೆ ಬಾಗಿ ತಮ್ಮ ಮುಷ್ಟಿ ಅಲ್ಲಾಡಿಸಿದರು. "ಅದೇನಾದ್ರೂ ಒಡೀತೋ, ನಿನ್ನ ಕತೆ ಮುಗೀತು."

ಮೇಲೆ ಕನ್ನಡಿ ಗಡಗಡ ನಡುಗಿತು.

"ಕೈ ಅಲ್ಲಾಡಿಸ್ಬೇಡ್ವೋ," ಎಂದರು ಮ್ಯಾನೇಜರು.

"ನಾನು ಅಲ್ಲಾಡಿಸ್ಲಿಲ್ಲ ಸಾರ್."

"ಎದುರು ಮಾತಾಡ್ಬೇಡ." ಅವರು ಮುಷ್ಟಿ ಚಾಚಿದ ಭಂಗಿಯಲ್ಲೇ, ಕನ್ನಡಿಯಿಂದ ಕಣ್ಣು ಕೀಳದೆ ಕಲ್ಲಾಗಿ ನಿಂತರು.

ಗಡಿಬಿಡಿಯಣ್ಣನ ಕೈ ಜೋಮು ಹಿಡಿಯಿತು. ಕಿರುಬೆರಳು ತಾನಾಗಿಯೇ ಸಡಿಲವಾಯಿತು, ಆಮೇಲೆ ಅದರ ಪಕ್ಕದ್ದು. ಮಡಚಲು ಎಷ್ಟು ಒದ್ದಾಡಿದರೂ ಬೆರಳು ಅವನವಲ್ಲ ಎಂಬಂತೆ ಬಿಚ್ಚಿಕೊಂಡವು. ಮುಗಿಯಿತು ಎಂದು ಕಣ್ಣು ಮುಚ್ಚಿದ. ಸದ್ದೇ ಇಲ್ಲ. ಕಣ್ಣು ತೆರೆದರೆ ಅಂಗೈ ಪೂರ್ತಿ ಬಿಚ್ಚಿದೆ, ಕನ್ನಡಿ ಮೇಲೆ ಹಾಗೇ ಇದೆ.

ಏದುಸಿರು ಬಿಡುತ್ತ ಬಂದ ಎಂಜಿನಿಯರು ಪರದೆ ನೋಡಿದರು. "ಅಯ್ಯೋ, ನಿಮ್ಮ ಕೈಯನ್ನ ಇದು ಆಗಲೇ ಬಿಟ್ಟಿದೆ. ಎಲ್ಲಕ್ಕಿಂತ ಹತ್ತಿರ ಇರೋ ಕೈಯನ್ನಷ್ಟೇ ಇದು ನೋಡೋದು."

"ಹಾಗಾದ್ರೆ ಈಗ ಹಿಡ್ಕೊಂಡಿರೋದು ಯಾರು?" ಎಂದು ಮ್ಯಾನೇಜರು ಅಂಗೈ ಅರಳಿಸಿ ಕೇಳಿದರು.

ಕನ್ನಡಿ ಬಿದ್ದ ಸದ್ದಿಗೆ ಬೀದಿಯವರೂ ಒಳಗೆ ಓಡಿ ಬಂದರು.

ಮ್ಯಾನೇಜರು ತಮ್ಮ ಕೈಯನ್ನೇ ನೋಡಿಕೊಂಡರು. "ಯಾರ ಕೈ ಅಂತ ಇದರಲ್ಲಿ ಗೊತ್ತಾಗುತ್ತಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ ಸಾರ್. ಇದು ಬೆರಳು ನೋಡುತ್ತೆ, ಮುಖ ನೋಡಲ್ಲ. ಬೆಳಿಗ್ಗೆ ಯಾರು ಕೆಲಸಕ್ಕೆ ಕೂತ್ರೋ, ದಾಖಲೆಯಲ್ಲಿ ಅವರ ಹೆಸರೇ ಬರುತ್ತೆ."

ಮ್ಯಾನೇಜರು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿ, ಗಡಿಬಿಡಿಯಣ್ಣನ ಕಡೆ ತಿರುಗಿದರು.

"ಇನ್ನೊಂದು ನಿಮಿಷ ಹಿಡ್ಕೊಳ್ಳೋಕೆ ಏನಾಗಿತ್ತಯ್ಯಾ ನಿಂಗೆ?"